ಬೇಸ್ ಸಾಲದು ಅತ್ತಿಗೆ

ಬೆಳಗ್ಗೆ ಕುಕ್ಕರ್ ಕೂಗುವ ಹೊತ್ತಿಗೆ ಸರಿಯಾಗಿ ಮೈದುನನ ವಾಯ್ಸ್ ಮೆಸೇಜ್ ಬಂತು. "ಅತ್ತಿಗೆ, ಓದ್ದೆ. ಚೆನ್ನಾಗೈತೆ. ಆದ್ರೆ ಬೇಸ್ ಇಲ್ಲ. ಬರೀ ಟಾಪ್ ಕೇಳಿಸ್ತಾ ಐತೆ."

ಇದು ಸ್ಪೀಕರ್ ವಿಷಯ ಅಲ್ಲ. ಎಂಟನೇ ಕ್ಲಾಸಿನ ಟೆಸ್ಟ್ ಪೇಪರ್ ಬದಿಗಿಟ್ಟು, ನಿದ್ದೆಗೆಟ್ಟು ನಾನು ಬರೆದುಕೊಟ್ಟ ಲೇಖನದ ವಿಷಯ. ಇಷ್ಟು ವರ್ಷ ಕನ್ನಡ ಪಾಠ ಮಾಡಿದ್ದೇನೆ, ಒತ್ತಕ್ಷರಕ್ಕೆ ಮಾರ್ಕ್ಸ್ ಕಳೆದಿದ್ದೇನೆ. ನನ್ನ ಬರವಣಿಗೆಯಲ್ಲಿ ಬೇಸ್ ಇಲ್ಲ ಅಂತ ಇಲ್ಲಿವರೆಗೆ ಯಾವ ಡಿಡಿಪಿಐ ಕೂಡ ಹೇಳಿರಲಿಲ್ಲ.

ಮೈದುನ ಮಂಡ್ಯದಲ್ಲಿ ಮದುವೆಗಳಿಗೆ ಡಿಜೆ ಹಾಕುತ್ತಾನೆ. ಈಗ ಆಷಾಢ. ಮದುವೆ ಇಲ್ಲ, ಅರಿಶಿನ ಶಾಸ್ತ್ರ ಇಲ್ಲ, ಬೀಗರ ಊಟವೂ ಇಲ್ಲ. ಬಾಡಿಗೆ ಉಳಿಸೋಣ ಅಂತ ಗೋಡೌನ್ ಬಿಟ್ಟು, ಬಾಕ್ಸ್‌ಗಳನ್ನೆಲ್ಲ ನಮ್ಮ ಹಾಲ್‌ನಲ್ಲಿ ತಂದು ಪೇರಿಸಿದ್ದಾನೆ. ಟಿವಿ ಕಾಣಬೇಕು ಅಂದ್ರೆ ಸೋಫಾದ ಎಡ ತುದಿಯಲ್ಲಿ ಕುತ್ತಿಗೆ ಓರೆ ಮಾಡಿಕೊಂಡು ಕೂರಬೇಕು. ದೊಡ್ಡ ಬೇಸ್ ಬಾಕ್ಸ್ ಮೇಲೆ ನಾನು ಇಸ್ತ್ರಿ ಬಟ್ಟೆ ಇಡುತ್ತಿದ್ದೇನೆ. ಕೊಂಡ ಮೇಲೆ ಅದು ಸದ್ದಿಲ್ಲದೆ ಉಪಯೋಗಕ್ಕೆ ಬಂದಿದ್ದು ಇದೇ ಮೊದಲು.

ಇಂಥ ಖಾಲಿ ತಿಂಗಳಲ್ಲಿ ಯಾರೋ ಅವನ ತಲೆಗೆ ಹುಳ ಬಿಟ್ಟಿದ್ದಾರೆ. ಬರೀ 'ಸಂಪರ್ಕಿಸಿ' ಅಂತ ನಂಬರ್ ಹಾಕಿದರೆ ಈಗ ಯಾರೂ ತಿರುಗಿ ನೋಡಲ್ಲವಂತೆ. ಮದುವೆ ಮನೆಯವರಿಗೆ ಉಪಯೋಗ ಆಗುವಂಥದ್ದು ಏನಾದರೂ ಬರೆದುಕೊಡಬೇಕಂತೆ. ಓದಿದವರು ನಂಬುತ್ತಾರೆ, ನಂಬಿದವರು ಬುಕ್ ಮಾಡುತ್ತಾರೆ. ಹಾಗಾಗಿ ಒಂದು ಕರಪತ್ರ ಮಾಡಿಸಿ ಲಗ್ನಪತ್ರಿಕೆ ಅಂಗಡಿಗಳಲ್ಲಿ ಇಡುವುದು, ಅದನ್ನೇ ವಾಟ್ಸಾಪ್‌ನಲ್ಲೂ ಹರಿಬಿಡುವುದು ಅಂತ ತೀರ್ಮಾನ ಆಯ್ತು. ಮನೆಯಲ್ಲೇ ಕನ್ನಡ ಮೇಡಂ ಇರುವಾಗ ಬರೆಸೋಕೆ ಯಾಕೆ ಕಾಸು ಕೊಡಬೇಕು, ಅಲ್ವಾ?

ನಾನೂ ಹುರುಪಿನಿಂದಲೇ ಕೂತೆ. ಮದುವೆ ಮನೆಯವರಿಗೆ ಏನು ಗೊತ್ತಿದ್ದರೆ ಒಳ್ಳೆಯದು? ಮೊದಲನೆಯದು ಹೊತ್ತು. ಶಬ್ದ ಮಾಲಿನ್ಯದ ನಿಯಮಗಳು 2000ದಿಂದಲೇ ಜಾರಿಯಲ್ಲಿವೆ. ಬಯಲಲ್ಲಿ, ಶಾಮಿಯಾನದ ಕೆಳಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಜನವಸತಿ ಇರುವ ಕಡೆ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45 ಅಂತ ಮಿತಿ. ಆದರೆ ನಮ್ಮ ಕಡೆ ಏಳು ಗಂಟೆ ಅಂತ ಪತ್ರಿಕೆಯಲ್ಲಿ ಹಾಕಿದ ಆರತಕ್ಷತೆಗೆ ಹೆಣ್ಣು ಗಂಡು ಮೇಕಪ್ ಮುಗಿಸಿ ಸ್ಟೇಜ್ ಹತ್ತುವುದೇ ಎಂಟೂವರೆಗೆ. ಫೋಟೋ ಕ್ಯೂ ಕರಗಿ, ಗಂಡಿನ ಸ್ನೇಹಿತರಿಗೆ ಕುಣಿಯುವ ಧೈರ್ಯ ಬರುವುದು ಒಂಬತ್ತೂ ಐವತ್ತಕ್ಕೆ. ಆಮೇಲೆ ಜಗಳ. ಆದ್ದರಿಂದ ಡಿಜೆ ಬೇಕಿದ್ದರೆ ಬೇಗ ಶುರು ಮಾಡಿಸಿ, ಹೊತ್ತಿಗೆ ಸರಿಯಾಗಿ ನಿಲ್ಲಿಸಿ ಅಂತ ಬರೆದೆ.

"55 ಡೆಸಿಬಲ್ಲಾ? ಅಷ್ಟಕ್ಕೆ ನಮ್ ಬಾಕ್ಸ್ ಆನ್ ಆಗಿದ್ಯಾ ಇಲ್ವಾ ಅಂತಾನೂ ಗೊತ್ತಾಗಲ್ಲ ಅತ್ತಿಗೆ. ತೆಗೀರಿ." ನಿಜ ಹೇಳಬೇಕು ಅಂದ್ರೆ ನಮ್ಮನೆ ಚಟ್ನಿ ರುಬ್ಬುವ ಮಿಕ್ಸಿಯೇ ಆ ಗೆರೆ ದಾಟುತ್ತೆ. ಆದರೆ ಮಿಕ್ಸಿಯನ್ನು ಯಾರೂ ಬೀದಿ ಕಡೆ ಮುಖ ಮಾಡಿಸಿ ಇಡಲ್ಲ.

ಎರಡನೆಯದು ಊಟದ ಹಾಲ್. ಬಯಲಲ್ಲಾದರೆ ದೂರ ಎರಡು ಪಟ್ಟಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ. ನಮ್ಮ ಛತ್ರಗಳಲ್ಲಿ ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಮೇಲೆ ತಗಡು. ಸದ್ದು ಎಲ್ಲಿಗೂ ಹೋಗಲ್ಲ, ಮುಯ್ಯಿ ಕೊಟ್ಟು ಊಟಕ್ಕೆ ಕೂತೇ ಬಿಡುತ್ತೆ. ಕಳೆದ ಮದುವೆಯಲ್ಲಿ ನಾನು ಬಡಿಸುವವನಿಗೆ ರಸಂ ಅಂತ ಕೂಗಿದೆ. ಅವನು ತಲೆಯಾಡಿಸಿ ಪಾಯಸ ಹಾಕಿದ. ಅನ್ನದ ಮೇಲೆ. ಹಾಗಾಗಿ 'ಬಾಕ್ಸ್‌ಗಳ ಮುಖ ಊಟದ ಹಾಲ್ ಕಡೆ ಇರದಂತೆ ನೋಡಿಕೊಳ್ಳಿ, ಹಿರಿಯರನ್ನು ಮುಂದಿನ ಸಾಲಿನಲ್ಲಿ ಬಾಕ್ಸ್ ಎದುರಿಗೇ ಕೂರಿಸಬೇಡಿ' ಅಂತ ಸೇರಿಸಿದೆ. ಇದಕ್ಕೂ ಅದೇ ಮಾತು. "ಟ್ರೆಬಲ್ ಜಾಸ್ತಿ ಆಯ್ತು. ಕಿವಿಗೆ ಚುಚ್ಚುತ್ತೆ."

ಇವನ ಈ ಚಾಳಿ ನೋಡಿ. ಓದುವುದಿಲ್ಲ, ಟ್ಯೂನ್ ಮಾಡುತ್ತಾನೆ. ಮೊದಲ ಪ್ಯಾರಾ 'ಲೋ' ಇದೆ. ಮಧ್ಯದಲ್ಲಿ ಒಂದು 'ಡ್ರಾಪ್' ಬೇಕು. ಎರಡನೇ ಪುಟದಲ್ಲಿ 'ಹಮ್ಮಿಂಗ್' ಬರ್ತಾ ಇದೆ. ಅಲ್ಪವಿರಾಮ ಹಾಕಿದರೆ 'ಗ್ಯಾಪ್ ಬಿತ್ತು, ಕ್ರೌಡ್ ಕೂತ್ಕೊಂಬಿಡುತ್ತೆ' ಅಂತಾನೆ. ಒಂದು ಸಲ ಬೇಜಾರಾಗಿ, ಹಾಗಾದ್ರೆ ಏನು ಮಾಡಲಿ ಹೇಳಪ್ಪಾ ಅಂದೆ. ಹಾಳೆ ಇಸ್ಕೊಂಡು ಪ್ರತಿ ವಾಕ್ಯದ ಕೊನೆಗೂ ಆಶ್ಚರ್ಯಸೂಚಕ ಚಿಹ್ನೆ ಹಾಕಿದ. 'ಹಿರಿಯರ ಆರೋಗ್ಯದ ಕಡೆ ಗಮನವಿರಲಿ!!!' ಅಂತ. ಕಿವಿ ಕೇಳದ ಹಿರಿಯರಿಗೂ ಕೇಳಿಸುವ ಹಾಗೆ. ಕಡೆಗೆ 'ಈಗ ಪಂಚ್ ಬಂತು' ಅಂತ ಹಾಳೆಯನ್ನು ದೂರ ಹಿಡಿದು, ಕಣ್ಣು ಮುಚ್ಚಿ, ತಲೆ ಅಲ್ಲಾಡಿಸಿದ. ಕಣ್ಣು ಮುಚ್ಚಿಕೊಂಡು ಓದುವವರನ್ನು ನಾನು ಪರೀಕ್ಷೆ ಹಾಲ್‌ನಲ್ಲೂ ಕಂಡಿಲ್ಲ.

ಮೂರನೆಯದನ್ನು ಬರೆಯುವಾಗ ಮಾತ್ರ ಜಗಳವೇ ಆಯ್ತು. ಹೆಣ್ಣು ಗಂಡು ಎಂಟ್ರಿ ಕೊಡುವ ಹಾಡನ್ನು ಮೊದಲೇ ಪೆನ್‌ಡ್ರೈವ್‌ನಲ್ಲಿ ಹಾಕಿ ಕೊಡಿ, ಯೂಟ್ಯೂಬ್ ನಂಬಬೇಡಿ ಅಂತ ನನ್ನ ಸಲಹೆ. ಯಾಕೆ ಅಂತ ಊರಿಗೇ ಗೊತ್ತು. ಹಿಂದಿನ ಸೀಸನ್‌ನಲ್ಲಿ ಲೈಟ್ ಆರಿಸಿ, ಹೊಗೆ ಬಿಟ್ಟು, ಕೋಲ್ಡ್ ಪೈರೋ ಹಚ್ಚಿ, ಹುಡುಗಿ ತಲೆ ಬಗ್ಗಿಸಿ ಮೊದಲ ಹೆಜ್ಜೆ ಇಟ್ಟಳು. ಅಷ್ಟೂ ಬಾಕ್ಸ್‌ಗಳಿಂದ ಒಂದೇ ಸಲ ಬೋರ್‌ವೆಲ್ ಮೋಟಾರ್ ಜಾಹೀರಾತು. 'ಎಷ್ಟೇ ಆಳವಿದ್ದರೂ ನೀರೆತ್ತುವ' ಅಂತ. ಹುಡುಗಿ ನಿಂತಳು. ಹುಡುಗ ನಿಂತ. ವಿಡಿಯೋದವನು ನಿಲ್ಲಲಿಲ್ಲ. ಸ್ಕಿಪ್ ಬಟನ್ ಬರುವವರೆಗೆ ಇಡೀ ಛತ್ರ ಮೋಟಾರಿನ ಗುಣಗಾನ ಕೇಳಿತು. ಹುಡುಗನ ಸೋದರಮಾವ ಆಮೇಲೆ ಡಿಜೆ ಹತ್ತಿರ ಬಂದು ಅದು ಎಷ್ಟು ಎಚ್‌ಪಿ ಅಂತ ವಿಚಾರಿಸಿದರು.

"ಅದನ್ನ ಬರೀಬೇಡಿ ಅತ್ತಿಗೆ, ನಾನೇ ಅಂತ ಎಲ್ರಿಗೂ ಗೊತ್ತಾಗೋಗುತ್ತೆ." ಇಡೀ ಕರಪತ್ರದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಮಾತು ಅದೊಂದೇ. ನಾನು ಪಟ್ಟು ಬಿಡಲಿಲ್ಲ. ಊರು, ಮೋಟಾರು ತೆಗೆದು, ಪೆನ್‌ಡ್ರೈವ್ ಉಳಿಸಿಕೊಂಡೆ.

ಅವನು ಮರುಮಾತಿಲ್ಲದೆ ಒಪ್ಪಿದ್ದು ಕಾಯ್ದೆ ವಿಷಯ ಮಾತ್ರ. ಮದುವೆಯಲ್ಲಿ ಸಿನಿಮಾ ಹಾಡು ಹಾಕಲು ಲೈಸೆನ್ಸ್ ಬೇಕು ಅಂತ ಕೆಲವು ಕಡೆ ಹೆದರಿಸುತ್ತಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನಿನಲ್ಲಿ ಮದುವೆ ಮೆರವಣಿಗೆಗೂ ಮದುವೆಗೆ ಸೇರಿದ ಸಂಭ್ರಮಗಳಿಗೂ ವಿನಾಯಿತಿ ಇದೆ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಅದನ್ನು ಸ್ಪಷ್ಟಪಡಿಸಿತು. "ಇದ್ ನೋಡಿ ಬೇಸು!" ಅಂದ.

ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಇಂಥದ್ದನ್ನೆಲ್ಲ ಯಾರೂ ಬರೆದು ಹಂಚಬೇಕಿರಲಿಲ್ಲ. ಮೈಕ್ ಸೆಟ್‌ನವನು ತೆಂಗಿನಮರಕ್ಕೆ ಹಾರ್ನ್ ಕಟ್ಟಿದ ಅಂದ್ರೆ ಯಾರ ಮನೆ ಮದುವೆ ಅಂತ ಮೂರು ಊರಿಗೆ ಗೊತ್ತಾಗುತ್ತಿತ್ತು. ಆಗ ಸದ್ದು ಕಡಿಮೆ ಇತ್ತು ಅಂತ ಸುಳ್ಳು ಹೇಳಲಾರೆ. ಆ ಹಾರ್ನು ರಾತ್ರಿಯೆಲ್ಲ ಕಿರುಚುತ್ತಿತ್ತು. ಆದರೆ ರೆಕಾರ್ಡ್ ಬದಲಾಯಿಸುವ ನಡುವೆ ಅವನು ನಮ್ಮನ್ನು ಕರೆದು 'ಹಲೋ' ಅನ್ನಲು ಬಿಡುತ್ತಿದ್ದ. ನನ್ನ ದನಿ ಕೆರೆ ಆಚೆಗೆ ಹೋಗಿ ಬಿತ್ತು ಅಂತ ಹೊಲದಿಂದ ಬಂದ ಅಪ್ಪ ಹೇಳಿದಾಗ ಆದ ಖುಷಿ, ಮುಂದೆ ಭಾಷಣ ಸ್ಪರ್ಧೆಯಲ್ಲಿ ಕಪ್ ಬಂದಾಗಲೂ ಆಗಲಿಲ್ಲ. ಈಗಿನ ಮದುವೆಗಳಲ್ಲಿ ಮಕ್ಕಳನ್ನು ಆ ಮಿಕ್ಸರ್ ಹತ್ತಿರವೂ ಸೇರಿಸಲ್ಲ. ದುಬಾರಿ ಸಾಮಾನು, ನಿಜ.

ಕರಪತ್ರ ಕೊನೆಗೂ ಅಚ್ಚಾಯ್ತು. ಕೆಳಗೆ ಅವನ ನಂಬರ್, ಹಿಂದೆ ಕಪ್ಪು ಕನ್ನಡಕ ಹಾಕಿದ ಅವನ ಫೋಟೋ. ಆಷಾಢ ಮುಗಿಯುವ ಮೊದಲೇ ಒಂದು ಫೋನ್ ಬಂತು. ಶ್ರಾವಣದಲ್ಲಿ ಮಗಳ ಮದುವೆ, ಮದ್ದೂರಿನ ಕಡೆಯ ಯಜಮಾನರು. ಮೈದುನ ಸ್ಪೀಕರ್‌ಗೆ ಹಾಕಿ ನನ್ನ ಕಡೆ ನೋಡಿ ನಕ್ಕ. ಅವರು ಕರಪತ್ರವನ್ನು ಪೂರ್ತಿ ಓದಿದ್ದರು. ಪೂರ್ತಿ!

"ಹತ್ತು ಗಂಟೆಗೆ ನಿಲ್ಲಿಸ್ಬೇಕು ಅಂತ ನೀವೇ ಬರ್ದಿದ್ದೀರಿ. ಹಂಗಾದ್ರೆ ಹನ್ನೆರಡರವರೆಗಿನ ರೇಟ್ ಯಾಕೆ ಕೊಡ್ಲಿ? ಊಟದ ಹಾಲ್ ಕಡೆ ಬಾಕ್ಸ್ ಬೇಡ ಅಂತೀರಿ, ಸರಿ, ಆ ಕಡೆಯ ಎರಡು ಬಾಕ್ಸ್ ಕಳೀರಿ. ಪೆನ್‌ಡ್ರೈವ್ ನಾವೇ ಕೊಡ್ತೀವಿ. ಲೈಸೆನ್ಸೂ ಬೇಕಿಲ್ಲ. ಇನ್ನು ನಿಮ್ದೇನು ಖರ್ಚು ಹೇಳಿ?"

ಮೈದುನ ಫೋನಿಟ್ಟು ಬೇಸ್ ಬಾಕ್ಸ್ ಮೇಲೆ ಕೂತ, ನನ್ನ ಇಸ್ತ್ರಿ ಬಟ್ಟೆ ಮೇಲೆಯೇ. ರೇಟ್ ಅರ್ಧಕ್ಕೆ ಇಳಿದಿತ್ತು. ನಾನು ಮಾತ್ರ ಒಳಗೊಳಗೇ ಹಿಗ್ಗಿದ್ದೆ. ನಾನು ಬರೆದದ್ದನ್ನು ಒಬ್ಬರು ಇಷ್ಟು ಗಮನವಿಟ್ಟು ಓದಿ, ಸಾಲು ಸಾಲಾಗಿ ನೆನಪಿಟ್ಟುಕೊಂಡಿದ್ದರು. ನನ್ನ ಹತ್ತನೇ ಕ್ಲಾಸಿನವರು ಪಠ್ಯವನ್ನೂ ಹಾಗೆ ಓದಿದವರಲ್ಲ.

ಸುಮಾರು ಹೊತ್ತಾದ ಮೇಲೆ ಅವನು ಬಾಯಿ ಬಿಟ್ಟ.

"ಅತ್ತಿಗೆ, ಮುಂದಿನ್ ಸಲ ಬರೆಯುವಾಗ ಉಪಯೋಗ ಸ್ವಲ್ಪ ಕಮ್ಮಿ ಇಟ್ಕೊಳ್ಳಿ."