ಹ್ಯಾಲೋವೀನ್ ಬುಟ್ಟಿಗೆ ಮನೆಯ ಚಕ್ಕುಲಿ ಹಾಕಬಹುದೇ?

ಅಕ್ಟೋಬರ್ 31, ಹ್ಯಾಲೋವೀನ್ ಹಬ್ಬದ ಸಂಜೆ ಅಮೆರಿಕದ ಊರುಗಳಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಯ ಬಾಗಿಲಿಗೆ ಬರುತ್ತಾರೆ, 'ಟ್ರಿಕ್ ಆರ್ ಟ್ರೀಟ್' ಎಂದು ಕೂಗುತ್ತಾರೆ, ಬುಟ್ಟಿಗೆ ಏನಾದರೂ ಸಿಹಿ ಬೀಳುವವರೆಗೆ ಕದಲುವುದಿಲ್ಲ. ಅಂಗಡಿಯಿಂದ ಸೀಲಾಗಿ ಬಂದ ಪೊಟ್ಟಣ ಬಿಟ್ಟು ಬೇರೇನೂ ಕೊಡಬಾರದು ಎಂಬುದು ಅಲ್ಲಿ ಈಗ ಅಲಿಖಿತ ನಿಯಮ. ದೀಪಾವಳಿ ಬರುವುದೂ ಅದೇ ಆಸುಪಾಸಿನಲ್ಲಿ; 2024ರಲ್ಲಂತೂ ನರಕ ಚತುರ್ದಶಿ ಅದೇ ದಿನ ಬಿತ್ತು. ಹಾಗಾಗಿ ಅಲ್ಲಿನ ಕನ್ನಡದ ಮನೆಗಳಲ್ಲಿ ಡಬ್ಬಿ ತುಂಬ ಚಕ್ಕುಲಿ, ರವೆ ಉಂಡೆ ಇರುವ ಹೊತ್ತಿಗೇ ಕರೆಗಂಟೆ ಬಾರಿಸುತ್ತದೆ. ಮನೆಯಲ್ಲಿ ಮಾಡಿದ್ದನ್ನು ಆ ಮಕ್ಕಳಿಗೆ ಕೊಡಬಹುದೇ?

ಪರ: ಅಡುಗೆಮನೆ ಮಾಡದ ತಪ್ಪಿಗೆ ಅಡುಗೆಮನೆಗೆ ಶಿಕ್ಷೆ

ಸೇಬಿನೊಳಗೆ ಬ್ಲೇಡು ಇಟ್ಟು ಕೊಟ್ಟರಂತೆ, ಬಿಸ್ಕತ್ತಿಗೆ ಇಲಿ ಪಾಷಾಣ ಬೆರೆಸಿದ್ದರಂತೆ. ಅಮೆರಿಕದಲ್ಲಿ ಮಕ್ಕಳನ್ನು ಸಾಕಿದವರಿಗೆ ಈ ಅಂತೆಕಂತೆ ಹೊಸದಲ್ಲ. ಯಾವ ಊರು, ಯಾವ ವರ್ಷ, ಆ ಮಗುವಿಗೆ ಏನಾಯಿತು ಎಂದು ಕೇಳಿ ನೋಡಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಹೀಗೆ ಕೇಳುವುದನ್ನೇ ಕೆಲಸ ಮಾಡಿಕೊಂಡವರು ಡೆಲವೇರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಜೋಯಲ್ ಬೆಸ್ಟ್. 1958ರಿಂದ ಈಚೆಗಿನ ಪತ್ರಿಕಾ ವರದಿಗಳನ್ನು ಜಾಲಾಡಿ, 1985ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಮೊದಲ ಪ್ರಬಂಧ ಬರೆದರು. ಆಮೇಲೂ ಲೆಕ್ಕ ಇಡುತ್ತಲೇ ಬಂದರು. ಮನೆಮನೆ ತಿರುಗುವಾಗ ಅಪರಿಚಿತರು ಕೊಟ್ಟ ತಿಂಡಿಯಿಂದ ಮಗುವೊಂದು ಸತ್ತ ಅಥವಾ ತೀವ್ರವಾಗಿ ಗಾಯಗೊಂಡ ಒಂದೇ ಒಂದು ಖಚಿತ ಪ್ರಕರಣವೂ ಅವರಿಗೆ ಸಿಕ್ಕಿಲ್ಲ. ದೂರುಗಳ ಬುಡ ಕೆದಕಿದರೆ ಹೆಚ್ಚಿನವು ಹುಸಿ. ತಮ್ಮನನ್ನು ಹೆದರಿಸಲು ಅಣ್ಣನೇ ಚಾಕೊಲೇಟಿಗೆ ಗುಂಡುಸೂಜಿ ಚುಚ್ಚುವಂಥ ಕಿತಾಪತಿ.

ನಿಜವಾಗಿ ನಡೆದವೂ ಇವೆ, ಅವನ್ನು ಮುಚ್ಚಿಡಬೇಕಾಗಿಲ್ಲ. 1974ರಲ್ಲಿ ಟೆಕ್ಸಸ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆತ ಸಿಹಿಪುಡಿ ತಿಂದು ಸತ್ತ. ಕೊಟ್ಟವನು ಬೀದಿಯ ಯಾವನೋ ಅಲ್ಲ, ಹೆತ್ತ ಅಪ್ಪ ರೊನಾಲ್ಡ್ ಕ್ಲಾರ್ಕ್ ಓಬ್ರಯನ್. ಮಗನ ಹೆಸರಿನಲ್ಲಿದ್ದ ವಿಮೆ ಹಣಕ್ಕಾಗಿ ಮಾಡಿದ ಕೊಲೆ ಅದು. ಊರಲ್ಲಿ ಓಡಾಡುತ್ತಿದ್ದ ಇದೇ ಬ್ಲೇಡಿನ ಕಥೆಯ ಮರೆಯಲ್ಲಿ ತಪ್ಪಿಸಿಕೊಳ್ಳಬಹುದು ಎಂದುಕೊಂಡಿದ್ದ. 1984ರಲ್ಲಿ ಅವನಿಗೆ ಮರಣದಂಡನೆಯಾಯಿತು. 1959ರಲ್ಲಿ ಕ್ಯಾಲಿಫೋರ್ನಿಯಾದ ದಂತವೈದ್ಯನೊಬ್ಬ ಮಕ್ಕಳಿಗೆ ಭೇದಿ ಮಾತ್ರೆ ಹಂಚಿದ್ದ. 1964ರಲ್ಲಿ ನ್ಯೂಯಾರ್ಕ್‌ನ ಲಾಂಗ್ ಐಲೆಂಡಿನ ಗೃಹಿಣಿಯೊಬ್ಬಳು, ಇಷ್ಟು ದೊಡ್ಡ ಹುಡುಗರಿಗೆ ಯಾಕೆ ಸಿಹಿ ಎಂಬ ಸಿಟ್ಟಿಗೆ, ಇರುವೆ ಕೊಲ್ಲುವ ವಿಷದ ಗುಂಡಿಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದಳು. 2000ದಲ್ಲಿ ಮಿನಿಯಾಪೊಲಿಸ್‌ನಲ್ಲಿ ಒಬ್ಬ ಚಾಕೊಲೇಟ್ ಬಾರುಗಳೊಳಗೆ ಸೂಜಿ ತೂರಿಸಿದ್ದ.

ಈ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಓದಿ. ಸಯನೈಡ್ ಇದ್ದದ್ದು ಕಾರ್ಖಾನೆಯ ಸಿಹಿಪುಡಿಯಲ್ಲಿ. ಸೂಜಿ ಇದ್ದದ್ದು ಅಂಗಡಿಯ ಬಾರಿನಲ್ಲಿ. ಇವರಲ್ಲಿ ಒಬ್ಬರೂ ಒಲೆ ಹಚ್ಚಿ, ಪಾಕ ಬರಿಸಿ, ಉಂಡೆ ಕಟ್ಟುವ ಗೋಜಿಗೆ ಹೋಗಲಿಲ್ಲ. ಕೆಟ್ಟದ್ದು ಮಾಡಲು ಹೊರಟವನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು?

ಹಾಗಾದರೆ ಮನೆಯ ತಿಂಡಿಗೆ ಈ ಕೆಟ್ಟ ಹೆಸರು ಬಂದದ್ದು ಹೇಗೆ? ಯುದ್ಧಕಾಲದ ಸಕ್ಕರೆ ರೇಷನ್ ಮುಗಿದ ಮೇಲೆ, 1950ರ ದಶಕದಲ್ಲಿ, ಮಕ್ಕಳ ಚೀಲಕ್ಕೆ ಜೋಳದ ಅರಳಿನ ಉಂಡೆ, ಮನೆಯಲ್ಲೇ ಬೇಯಿಸಿದ ಬಿಸ್ಕತ್ತು, ಸಕ್ಕರೆ ಪಾಕದಲ್ಲಿ ಅದ್ದಿದ ಸೇಬು, ಕಡಲೆಬೀಜ, ಚಿಲ್ಲರೆ ಕಾಸು ಎಲ್ಲವೂ ಬೀಳುತ್ತಿದ್ದವು. ಕಂಪನಿಗಳು ಕೈಬೆರಳಿನಷ್ಟುದ್ದದ ಚಾಕೊಲೇಟುಗಳನ್ನು ದೊಡ್ಡ ಚೀಲದಲ್ಲಿ ಮಾರತೊಡಗಿದ್ದೂ ಬ್ಲೇಡಿನ ಸುದ್ದಿ ಹಬ್ಬಿದ್ದೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಇದರಲ್ಲಿ ಸಂಚೇನೂ ಇರಲಿಕ್ಕಿಲ್ಲ, ಲಾಭವಂತೂ ಇತ್ತು. ಆಮೇಲೆ 1982ರಲ್ಲಿ, ಹ್ಯಾಲೋವೀನಿಗೆ ಒಂದು ತಿಂಗಳಿದ್ದಾಗ, ಷಿಕಾಗೋ ಸುತ್ತಮುತ್ತ ಯಾರೋ ಟೈಲನಾಲ್ ಎಂಬ ನೋವು ನಿವಾರಕ ಗುಳಿಗೆಗಳಿಗೆ ಸಯನೈಡ್ ಸೇರಿಸಿ ಏಳು ಜನರನ್ನು ಕೊಂದರು. ಆ ವರ್ಷ ದೇಶವೇ ನಡುಗಿತು. ಆಸ್ಪತ್ರೆಗಳು ಮಕ್ಕಳ ಬುಟ್ಟಿಗಳನ್ನು ಎಕ್ಸ್‌ರೇ ಮಾಡಿಕೊಡುವುದೂ ರೂಢಿಯಾಯಿತು. (ಎಕ್ಸ್‌ರೇಯಲ್ಲಿ ಬ್ಲೇಡು ಕಂಡೀತು, ವಿಷ ಎಲ್ಲಿ ಕಾಣುತ್ತದೆ?) ಟೈಲನಾಲ್ ಕೂಡ ಅಂಗಡಿಯ ಕಪಾಟಿನಿಂದ ಬಂದ ಕಂಪನಿ ಮಾಲು. ಮಾತ್ರೆ ಡಬ್ಬಿಗಳಿಗೆ ಹೊಸ ಮುಚ್ಚಳ ಬಂತು, ಕಾನೂನು ಬಂತು. ಏನೂ ಮಾಡದ ಅಜ್ಜಿಯ ಬಿಸ್ಕತ್ತು ಮಾತ್ರ ಕಸದ ಬುಟ್ಟಿ ಸೇರಿತು.

ಸೀಲ್ ಇದ್ದರೆ ಸುರಕ್ಷಿತ ಎಂಬ ನಂಬಿಕೆಯೂ ಅಷ್ಟೇನೂ ಗಟ್ಟಿಯಲ್ಲ. 2014ರ ಕೊನೆಯಲ್ಲಿ ಕಂಪನಿಗಳು ಪ್ಯಾಕ್ ಮಾಡಿ ಮಾರಿದ ಕ್ಯಾರಮೆಲ್ ಸೇಬು ತಿಂದು 12 ರಾಜ್ಯಗಳ 35 ಮಂದಿಗೆ ಲಿಸ್ಟೀರಿಯಾ ಸೋಂಕು ತಗುಲಿತು; ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ಸೇಬು ಹುಳಿ, ಕ್ಯಾರಮೆಲ್ ಒಣ, ಎರಡರಲ್ಲೂ ಈ ಸೂಕ್ಷ್ಮಾಣು ಬೆಳೆಯಲಾರದು ಎಂದೇ ಎಣಿಸಲಾಗಿತ್ತು. ಹಿಡಿದುಕೊಳ್ಳಲು ಕಡ್ಡಿ ಚುಚ್ಚಿದಾಗ ಒಸರಿದ ರಸ ಕ್ಯಾರಮೆಲ್ ಪದರದ ಕೆಳಗೆ ಸೇರಿಕೊಂಡು, ಅಲ್ಲಿ ಅದಕ್ಕೆ ಬೇಕಾದ ತೇವ ಸಿಕ್ಕಿತು.

ಆ ರಾತ್ರಿ ಮಕ್ಕಳ ಜೀವಕ್ಕೆ ನಿಜವಾದ ಅಪಾಯ ರಸ್ತೆಯಲ್ಲಿದೆ. 1975ರಿಂದ 2016ರವರೆಗಿನ ಅಮೆರಿಕದ ಅಪಘಾತ ದಾಖಲೆಗಳನ್ನು ನೋಡಿದ ಅಧ್ಯಯನವೊಂದು, ಹ್ಯಾಲೋವೀನ್ ಸಂಜೆ ಪಾದಚಾರಿಗಳು ವಾಹನಕ್ಕೆ ಸಿಕ್ಕಿ ಸಾಯುವ ಸಂಭವ ಆಚೀಚಿನ ದಿನಗಳಿಗಿಂತ ಶೇ. 43ರಷ್ಟು ಹೆಚ್ಚು ಎಂದು ತೋರಿಸಿತು. ತಂದೆತಾಯಿ ಬುಟ್ಟಿ ಸೋಸುವುದರಲ್ಲಿ ಮುಳುಗಿದ್ದಾರೆ. ಕಪ್ಪು ವೇಷದ ಮಗು ಮುಖವಾಡದ ತೂತಿನಿಂದ ರಸ್ತೆ ನೋಡುತ್ತಾ ದಾಟುತ್ತಿದೆ.

ಇಡೀ ಪೇಟೆಗೆ ಚಕ್ಕುಲಿ ಹಂಚಿ ಎಂದು ನಾನು ಹೇಳುತ್ತಿಲ್ಲ. ಪರಿಚಯದ ಆರೇಳು ಮನೆಗಳ ಮಕ್ಕಳಿಗೆ ಕೊಡಲಿಕ್ಕೆ ಏನಡ್ಡಿ? ಚಿಕ್ಕ ಜಿಪ್‌ಲಾಕ್ ಚೀಲ, ಅದರೊಳಗೊಂದು ಚೀಟಿ: ಏನೇನು ಹಾಕಿದೆ, ಯಾವ ಮನೆ, ಫೋನ್ ನಂಬರ್ ಎಷ್ಟು. ಬೇಡವಾದವರು ಎಸೆಯಲಿ, ಬೇಜಾರಿಲ್ಲ. ಅಲ್ಲಿನ ಸರ್ಕಾರಗಳೇ ಮನೆಯಲ್ಲಿ ಮಾಡಿದ ತಿಂಡಿ ಮಾರಲು ಒಪ್ಪಿವೆ: ಕ್ಯಾಲಿಫೋರ್ನಿಯಾ 2013ರಲ್ಲಿ, ಎಲ್ಲರಿಗಿಂತ ತಡವಾಗಿ ನ್ಯೂಜೆರ್ಸಿ 2021ರಲ್ಲಿ. ದುಡ್ಡಿಗೆ ಮಾರಿದರೆ ಸರಿ, ಪಕ್ಕದ ಮನೆಯ ಮಗುವಿಗೆ ಪುಕ್ಕಟೆ ಕೊಟ್ಟರೆ ತಪ್ಪು ಎಂಬ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.

ವಿರೋಧ: ಬ್ಲೇಡು ಬಿಡಿ, ಎಳ್ಳಿನ ಮಾತಾಡೋಣ

ಬ್ಲೇಡಿನ ಕಥೆ ಸುಳ್ಳು, ಪೂರ್ತಿ ಒಪ್ಪಿದೆ. ಜೋಯಲ್ ಬೆಸ್ಟ್ ಹೇಳಿದ್ದರಲ್ಲಿ ನನಗೆ ತಕರಾರಿಲ್ಲ, ನೆರೆಹೊರೆಯವರು ಕೊಲೆಗಾರರೆಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ನನ್ನ ಚಿಂತೆ ಒಳ್ಳೆಯ ಮನಸ್ಸಿನಿಂದ ಕೊಟ್ಟ ತಿಂಡಿಯದು.

ನನ್ನ ಮಗಳಿಗೆ ಎಳ್ಳು, ಶೇಂಗಾ ಎರಡೂ ಆಗಿಬರುವುದಿಲ್ಲ. ಆಗಿಬರುವುದಿಲ್ಲ ಎಂದರೆ ಮೈ ತುರಿಸಿ ಸುಮ್ಮನಾಗುವ ಪೈಕಿಯಲ್ಲ. ತುಟಿ ದಪ್ಪವಾಗಿ, ಗಂಟಲು ಕಟ್ಟಿ, ಎಪಿಪೆನ್ (ಅಲರ್ಜಿಯ ತುರ್ತು ಚುಚ್ಚುಮದ್ದು) ಚುಚ್ಚಿ ಆಂಬುಲೆನ್ಸಿಗೆ ಫೋನ್ ಮಾಡುವ ಪೈಕಿ. ಅಮೆರಿಕದಲ್ಲಿ ಸುಮಾರು 13 ಮಕ್ಕಳಿಗೆ ಒಂದರಂತೆ ಏನಾದರೊಂದು ಆಹಾರದ ಅಲರ್ಜಿ ಇದೆ ಎಂಬುದು ಅಲರ್ಜಿ ಸಂಸ್ಥೆಗಳ ಅಂದಾಜು. ಅಂದರೆ ಬಾಗಿಲಿಗೆ ಬರುವ ಪ್ರತಿ ದೊಡ್ಡ ಗುಂಪಿನಲ್ಲೂ ಅಂಥದ್ದೊಂದು ಮಗು ಇದ್ದೇ ಇರುತ್ತದೆ ಅನ್ನಿ. ಸೂಪರ್‌ಮ್ಯಾನ್ ಅಂಗಿಯ ಮೇಲೆ ಅದನ್ನು ಬರೆದಿರುವುದಿಲ್ಲ.

ನಮ್ಮ ತಿಂಡಿಗಳನ್ನೇ ತೆಗೆದುಕೊಳ್ಳಿ. ಚಕ್ಕುಲಿಗೆ ಅಕ್ಕಿಹಿಟ್ಟು, ಉದ್ದಿನಹಿಟ್ಟು, ಬೆಣ್ಣೆ, ಎಳ್ಳು. ನಿಪ್ಪಟ್ಟಿಗೆ ಶೇಂಗಾ, ಹುರಿಗಡಲೆ, ಮತ್ತೆ ಎಳ್ಳು. ರವೆ ಉಂಡೆಯಲ್ಲಿ ಗೋಧಿ, ತುಪ್ಪ, ಗೋಡಂಬಿ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಿಪ್ಪಟ್ಟು ಕರಿದ ಎಣ್ಣೆಯಲ್ಲೇ ಮಧ್ಯಾಹ್ನ ಕೋಡುಬಳೆ ಬೇಯುತ್ತದೆ, ಯಾರ ಮನೆಯಲ್ಲಾದರೂ ಅಷ್ಟೇ. ಕೋಡುಬಳೆಯ ಚೀಟಿಯಲ್ಲಿ ಶೇಂಗಾ ಎಂದು ಬರೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಇಂಗು ಹಾಕಿದ್ದೀರಾ? ಅಂಗಡಿಯ ಇಂಗಿನ ಡಬ್ಬಿ ತಿರುಗಿಸಿ ನೋಡಿ, ಬಹಳಷ್ಟರಲ್ಲಿ ಗೋಧಿಹಿಟ್ಟು ಸೇರಿರುತ್ತದೆ. ಗೋಧಿ ತಿನ್ನಬಾರದ ಮಗುವಿಗೆ 'ಬರೀ ಅಕ್ಕಿಹಿಟ್ಟಿಂದು, ಧೈರ್ಯವಾಗಿ ತಿನ್ನು ಪುಟ್ಟ' ಎಂದು ಕೊಟ್ಟವರು ಸುಳ್ಳು ಹೇಳಿದವರಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ಗೊತ್ತಿಲ್ಲದಿರುವುದು ತಪ್ಪೂ ಅಲ್ಲ. ಕಂಪನಿಗಳಿಗೇ ಇದನ್ನು ಕಾನೂನು ಹೇಳಿ ಕಲಿಸಬೇಕಾಯಿತು. 2004ರ ಕಾಯ್ದೆ ಹಾಲು, ಮೊಟ್ಟೆ, ಗೋಧಿ, ಶೇಂಗಾ ಮುಂತಾದ ಎಂಟನ್ನು ಲೇಬಲ್ ಮೇಲೆ ಸ್ಪಷ್ಟವಾಗಿ ಹೆಸರಿಸಲೇಬೇಕು ಎಂದಿತು. ಆ ಎಂಟರಲ್ಲಿ ಎಳ್ಳು ಇರಲಿಲ್ಲ. 'ಮಸಾಲೆ' ಎಂಬ ಒಂದೇ ಮಾತಿನ ಹಿಂದೆ ಅದು ಅಡಗಿ ಕೂರುತ್ತಿತ್ತು. 2021ರ ಕಾಯ್ದೆ ಅದನ್ನು ಒಂಬತ್ತನೆಯದಾಗಿ ಸೇರಿಸಿ, 2023ರ ಜನವರಿ 1ರಿಂದ ಕಡ್ಡಾಯ ಮಾಡಿತು. ಅಲ್ಲಿಯವರೆಗೆ ನಾವು ಒಂದೊಂದು ಕಂಪನಿಗೂ ಫೋನ್ ಮಾಡಿ ಕೇಳುತ್ತಿದ್ದೆವು. ಅಷ್ಟು ಕಷ್ಟಪಟ್ಟು ಸಿಕ್ಕಿದ ಒಂದು ಸಾಲನ್ನು, ಮನೆಯದ್ದು ಎಂಬ ಪ್ರೀತಿಗೆ ಬಿಟ್ಟುಕೊಡಲು ನನ್ನಿಂದಾಗದು.

ಪುಟಾಣಿ ಚಾಕೊಲೇಟುಗಳ ಮೇಲೂ ಎಷ್ಟೋ ಸಲ ಪದಾರ್ಥಗಳ ಪಟ್ಟಿ ಇರುವುದಿಲ್ಲ, ನಿಜ. ಅದು ದೊಡ್ಡ ಚೀಲದ ಮೇಲಿರುತ್ತದೆ, ಚೀಲ ಕೊಟ್ಟವರ ಮನೆಯಲ್ಲಿ. ಅದೇ ಹೆಸರಿನ ದೊಡ್ಡ ಬಾರಿಗೂ ಚಿಕ್ಕದಕ್ಕೂ ಒಳಗಿರುವುದು ಬೇರೆಯಾಗಿರಲೂ ಬಹುದು. ಆದರೂ ಹೆಸರು ಇರುತ್ತದೆ, ಹುಡುಕಿದರೆ ಸಿಗುತ್ತದೆ, ಹತ್ತು ವರ್ಷದ ಮಗುವೂ 'ಇದು ನನಗಲ್ಲ' ಎಂದು ಪಕ್ಕಕ್ಕಿಡಲು ಕಲಿತಿರುತ್ತದೆ. ಚೀಲದಲ್ಲಿ ಕಟ್ಟಿದ ಕಂದು ಬಣ್ಣದ ಉಂಡೆಯನ್ನು ನೋಡಿ ಏನು ತಿಳಿದುಕೊಳ್ಳಬೇಕು?

ಮನೆಯ ತಿಂಡಿ ಮಾರಲು ಕೊಟ್ಟ ಅನುಮತಿಯ ಮಾತು ಬಂತಲ್ಲ, ಅದನ್ನು ಅರ್ಧಕ್ಕೇ ನಿಲ್ಲಿಸಿದಂತಿದೆ. ಕ್ಯಾಲಿಫೋರ್ನಿಯಾದಲ್ಲಿ ಹಾಗೆ ಮಾರುವವರು ನೋಂದಣಿ ಮಾಡಿಸಬೇಕು, ಆಹಾರ ಸುರಕ್ಷತೆಯ ಪಾಠ ಮುಗಿಸಬೇಕು, 'ಮನೆಯ ಅಡುಗೆಮನೆಯಲ್ಲಿ ತಯಾರಿಸಿದ್ದು' ಎಂದು ಲೇಬಲ್ ಹಚ್ಚಿ ಅಲರ್ಜಿ ಪದಾರ್ಥಗಳನ್ನು ನಮೂದಿಸಬೇಕು. ಆ ಕಾನೂನು ಅಡುಗೆಮನೆಯನ್ನು ನಂಬಿದ್ದು ಇಷ್ಟು ಷರತ್ತು ಹಾಕಿಯೇ.

ಇನ್ನು ಗಾಂಜಾ ಬೆರೆಸಿದ ಸಿಹಿಗಳ ವಿಷಯ. ಆರು ವರ್ಷದೊಳಗಿನ ಮಕ್ಕಳು ಅವನ್ನು ತಿಂದ ಪ್ರಕರಣಗಳು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು, 2021ರಲ್ಲಿ 3,054. ಇವುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಮನೆಯೊಳಗೆ, ದೊಡ್ಡವರು ಎಲ್ಲೆಂದರಲ್ಲಿ ಇಟ್ಟದ್ದನ್ನು ಮಗು ಬಾಯಿಗೆ ಹಾಕಿಕೊಂಡದ್ದು. ಹ್ಯಾಲೋವೀನ್ ಬುಟ್ಟಿಯ ಪಾಲು ಎಂದು ಹೇಳಿದರೆ ನಾನೂ ಬ್ಲೇಡಿನ ಕಥೆ ಹೇಳಿದಂತಾದೀತು. ಆದರೂ ಮನೆಯಲ್ಲಿ ಮಾಡಿದ ಬ್ರೌನಿಯ ತುಂಡನ್ನು ಕೈಯಲ್ಲಿ ಹಿಡಿದ ತಾಯಿಗೆ ಒಂದು ಕ್ಷಣ ಆ ಯೋಚನೆ ಬಂದರೆ ಅವಳನ್ನು ಪುಕ್ಕಲಿ ಎಂದು ನಗಬಾರದು.

ಆ ರಾತ್ರಿ ಆ ತಾಯಿ ಏನು ಮಾಡುತ್ತಾಳೆ ನೋಡಿ. ಮಕ್ಕಳು ಬಣ್ಣ ತೊಳೆಯದ ಮುಖದಲ್ಲೇ ಬುಟ್ಟಿಯನ್ನು ನೆಲದ ಮೇಲೆ ಸುರಿಯುತ್ತಾರೆ. ಒಂದು ಕಡೆ ತಿನ್ನಬಹುದಾದದ್ದು, ಇನ್ನೊಂದು ಕಡೆ ತಮ್ಮನಿಗೆ ಹೋಗಬೇಕಾದದ್ದು, ಮೂರನೆಯದು ಎಸೆಯುವ ಗುಡ್ಡೆ. ಎಲ್ಲರೂ ನಿದ್ದೆಗಣ್ಣಲ್ಲಿ, ಸಕ್ಕರೆಯ ಅಮಲಿನಲ್ಲಿ ಇರುವಾಗ ಅವಳು ಒಬ್ಬಳೇ ಪ್ರತಿಯೊಂದನ್ನೂ ತೀರ್ಮಾನ ಮಾಡಬೇಕು. ಚೀಟಿ ಓದಿ, ಫೋನ್ ಮಾಡಿ, 'ಆಂಟಿ, ಹುರಿಗಡಲೆ ಅಂದರೆ ಯಾವ ಬೇಳೆ?' ಎಂದು ಕೇಳುವಷ್ಟು ತಾಳ್ಮೆ ಯಾರಿಗಿದೆ? ಮೂರನೇ ಗುಡ್ಡೆಗೆ ಹೋಗುತ್ತದೆ. ಇಡೀ ಸಂಜೆ ಒಲೆಯ ಮುಂದೆ ನಿಂತವರ ಶ್ರಮ, ಒಳ್ಳೆಯ ಬೆಣ್ಣೆ, ಊರಿಂದ ತಂದ ಚಕ್ಕುಲಿ ಒರಳು ಒತ್ತಿದ್ದು ಎಲ್ಲವೂ ಅಲ್ಲಿಗೆ. 'ಬೇಡವಾದವರು ಎಸೆಯಲಿ' ಎಂದು ಮೊದಲೇ ಗೊತ್ತಿದ್ದು ಕೊಡುವುದು ಯಾವ ಸೀಮೆಯ ಉಪಚಾರ?

ಅಂಗಡಿಯಲ್ಲಿ ಪ್ಯಾಕ್ ಆಗದ್ದನ್ನು ತೆಗೆದುಕೊಳ್ಳಬೇಡಿ ಎಂದು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಮಕ್ಕಳಿಗೆ ಹೇಳಿಕೊಡಲು ಸೂಚಿಸುತ್ತದೆ. ನಾವು ಅದನ್ನೇ ಮನೆಯಲ್ಲಿ ದಿನಾ ಪಾಠ ಮಾಡಿರುತ್ತೇವೆ. ಆಮೇಲೆ ಪ್ರೀತಿಯ ನೆರೆಮನೆಯ ಆಂಟಿ ಬಾಗಿಲಲ್ಲಿ ನಿಂತು 'ತಗೋ ಮರಿ' ಎಂದಾಗ ಆರು ವರ್ಷದ ಮಗು ಯಾರ ಮಾತು ಕೇಳಬೇಕು? ಆ ಇಕ್ಕಟ್ಟಿಗೆ ಮಗುವನ್ನು ಸಿಕ್ಕಿಸುವವರು ನಾವು, ದೊಡ್ಡವರು.

ಅಲರ್ಜಿ ಇರುವ ಮಕ್ಕಳ ಮನೆಯವರು ಟೆನ್ನೆಸಿಯಲ್ಲಿ 2012ರಲ್ಲಿ ಒಂದು ಉಪಾಯ ಹೂಡಿದರು: ಕುಂಬಳಕಾಯಿಗೆ ಹಸಿರುನೀಲಿ ಬಣ್ಣ ಬಳಿದು ಬಾಗಿಲಲ್ಲಿಟ್ಟರೆ, ಈ ಮನೆಯಲ್ಲಿ ತಿನ್ನದ ಉಡುಗೊರೆಯೂ ಇದೆ ಎಂದು ಅರ್ಥ. 2014ರಿಂದ ಅದು ದೇಶದಾದ್ಯಂತ ನಡೆಯುತ್ತಿದೆ. ಪೆನ್ಸಿಲ್, ಪುಟಿಯುವ ಚೆಂಡು, ಕತ್ತಲಲ್ಲಿ ಹೊಳೆಯುವ ಕಡ್ಡಿ. ಆ ಕಡ್ಡಿಯನ್ನು ಕೊರಳಿಗೆ ಹಾಕಿಕೊಂಡ ಮಗು ಕಾರಿನವರಿಗೂ ಕಾಣುತ್ತದೆ. ರಸ್ತೆಯ ಚಿಂತೆ ಇರುವವರಿಗೂ ಇದು ಒಪ್ಪಿತವಾಗಬೇಕು.

ಚಕ್ಕುಲಿ ತಿನ್ನಿಸಲೇಬೇಕೆಂದಿದ್ದರೆ ದೀಪಾವಳಿಗೆ ಅಪ್ಪ ಅಮ್ಮನನ್ನೂ ಸೇರಿಸಿ ಮನೆಗೆ ಕರೆಯಿರಿ. ತಟ್ಟೆ ಮುಂದಿಟ್ಟು ಇದರಲ್ಲಿ ಇಂಥದ್ದಿದೆ ಎಂದು ಹೇಳಿ, ಎಣ್ಣೆಯ ವಿಷಯವನ್ನೂ ಹೇಳಿ. ನನ್ನ ಮಗಳಿಗೆ ಅಂತ ಬಂದರೆ, ಎಳ್ಳು ಬಿಟ್ಟು ಓಮ ಹಾಕಿ ಬೇರೆ ಬಾಣಲೆಯಲ್ಲಿ ಮೊದಲೇ ಕರಿದಿಟ್ಟಿರಿ. ನಾಲ್ಕೇ ನಾಲ್ಕು ಸಾಕು.