ಇಷ್ಟದ ವಾಚಿಗೆ ಹೆಸರು ಬರೆಸಿ ಕಾಯಬೇಕೇ?

ದುಡ್ಡು ಕೂಡಿಟ್ಟಾಗಿದೆ. ರೋಲೆಕ್ಸ್‌ನಂಥ ದುಬಾರಿ ವಾಚುಗಳಲ್ಲಿ ಯಾವುದು ಬೇಕು ಅನ್ನುವುದೂ ತೀರ್ಮಾನವಾಗಿದೆ. ಶೋರೂಮಿಗೆ ಹೋದರೆ ‘ಹೆಸರು ಬರೆಸಿ ಹೋಗಿ, ಬಂದಾಗ ತಿಳಿಸುತ್ತೇವೆ’ ಅನ್ನುತ್ತಾರೆ. ಕಾಯಲು ಆಗದಿದ್ದರೆ ಹೊರಗಿನ ವ್ಯಾಪಾರಿಗಳ ಹತ್ತಿರ ಅದೇ ವಾಚು ಇವತ್ತೇ ಸಿಗುತ್ತದೆ. ಆದರೆ ಕಂಪನಿ ಬೆಲೆಯ ಮೇಲೆ ದೊಡ್ಡ ಪ್ರೀಮಿಯಂ ಕೊಡಬೇಕು. ಬೆಲೆ ಏರಿಸದೆ, ಕೊಳ್ಳುವವರನ್ನು ಕಾಯಿಸುವ ಈ ಪದ್ಧತಿ ಸರಿಯೇ?

ಪರ: ಬೆಲೆ ಏರಿಸುವುದಕ್ಕಿಂತ ಕಾಯಿಸುವುದೇ ಮೇಲು

ನಾನು ಒಂದು ಸ್ಟೀಲ್ ಕ್ರೋನೋಗ್ರಾಫಿಗೆ, ಅಂದರೆ ಸ್ಟಾಪ್‌ವಾಚೂ ಇರುವ ಕೈಗಡಿಯಾರಕ್ಕೆ, ಮೂರು ವರ್ಷ ಕಾದೆ. ಒಂದು ದಿನ ಫೋನ್ ಬಂತು. ಹೋಗಿ ಕಂಪನಿ ಬೆಲೆ ಕೊಟ್ಟೆ, ಒಂದು ಕಾಸೂ ಜಾಸ್ತಿ ಕೊಡಲಿಲ್ಲ. ಅವತ್ತು ಅದೇ ವಾಚಿಗೆ ಹೊರಗೆ ಎರಡು ಪಟ್ಟು ಬೆಲೆ ಇತ್ತು. ಸಂಬಳದಲ್ಲಿ ಉಳಿಸಿ ಕೊಳ್ಳುವ ನನ್ನಂಥವನಿಗೆ ಆ ಎರಡು ಪಟ್ಟು ಕೈಗೆಟುಕುವ ಮಾತೇ ಅಲ್ಲ. ವೇಟಿಂಗ್ ಲಿಸ್ಟ್ ಇರದಿದ್ದರೆ ಆ ವಾಚು ನನಗೆ ಸಿಗುತ್ತಲೇ ಇರಲಿಲ್ಲ.

ಸಾಮಾನು ಕಡಿಮೆ, ಕೇಳುವವರು ಜಾಸ್ತಿ ಅಂದಾಗ ಯಾರಿಗೆ ಕೊಡುವುದು? ಬೆಲೆ ಏರಿಸಬಹುದು. ಆಗ ಹೆಚ್ಚು ದುಡ್ಡಿದ್ದವರಿಗೇ ಸಿಗುತ್ತದೆ. ಚೀಟಿ ಎತ್ತಬಹುದು. ಆಗ ಅದೃಷ್ಟ ಇದ್ದವರಿಗೆ. ಕಾಯಿಸಬಹುದು. ಆಗ ತಾಳ್ಮೆ ಇದ್ದವರಿಗೆ. ದುಡ್ಡು ಒಬ್ಬೊಬ್ಬರ ಹತ್ತಿರ ಒಂದೊಂದು ಥರ ಇರುತ್ತದೆ. ವರ್ಷಕ್ಕೆ ಹನ್ನೆರಡು ತಿಂಗಳು ಅನ್ನುವುದು ಎಲ್ಲರಿಗೂ ಒಂದೇ, ಅಲ್ವಾ?

ಪಟ್ಟಿಯೇ ಬೇಡ, ಬಂದವರಿಗೆ ಕೊಟ್ಟುಬಿಡಿ ಅನ್ನುವವರು 2022ರ ಮಾರ್ಚ್ 26ನ್ನು ನೆನೆಯಬೇಕು. ಅವತ್ತು ಒಮೆಗಾ ಕಂಪನಿಯ ದುಬಾರಿ ವಾಚು ಸ್ಪೀಡ್‌ಮಾಸ್ಟರ್‌ನ ರೂಪದಲ್ಲಿ ಸ್ವಾಚ್ ಕಂಪನಿಯ ಮೂನ್‌ಸ್ವಾಚ್ ಬಂತು. ಬೆಲೆ ಸುಮಾರು 250 ಸ್ವಿಸ್ ಫ್ರಾಂಕ್, ಅಂದರೆ ಶ್ರೀಮಂತರ ವಾಚೇನಲ್ಲ. ಹೆಸರು ಬರೆಸುವ ಏರ್ಪಾಟು ಇರಲಿಲ್ಲ. ಜನ ರಾತ್ರಿಯೆಲ್ಲ ಅಂಗಡಿ ಮುಂದೆ ನಿಂತರು. ನೂಕುನುಗ್ಗಲಿಗೆ ಹೆದರಿ ಹಲವು ಕಡೆ ಬಾಗಿಲು ಹಾಕಬೇಕಾಯಿತು. ಅದೇ ದಿನ ಆ ವಾಚುಗಳು ಕೆಲವು ಪಟ್ಟು ಬೆಲೆಗೆ ಇಂಟರ್ನೆಟ್‌ನಲ್ಲಿ ಮಾರಾಟಕ್ಕೆ ನಿಂತವು. ತೋಳ್ಬಲ ಇದ್ದವರು ಗೆದ್ದರು, ಇಷ್ಟಪಟ್ಟವರಲ್ಲ.

‘ಇನ್ನಷ್ಟು ಮಾಡಿದರೆ ಮುಗೀತಲ್ಲ’ ಅನ್ನುವುದು ಸುಲಭದ ಮಾತು. ರೋಲೆಕ್ಸ್ ತಾನು ವರ್ಷಕ್ಕೆ ಎಷ್ಟು ವಾಚು ಮಾಡುತ್ತೇನೆಂದು ಹೇಳುವುದಿಲ್ಲ. ವ್ಯಾಪಾರ ಬಲ್ಲವರ ಅಂದಾಜು ಹತ್ತು ಲಕ್ಷಕ್ಕೂ ಜಾಸ್ತಿ. ಪಾಟೆಕ್ ಫಿಲಿಪ್ ಸುಮಾರು 70 ಸಾವಿರ, ಆಡೆಮಾರ್ ಪಿಗೆ ಸುಮಾರು 50 ಸಾವಿರ ಅನ್ನುತ್ತಾರೆ. ಇಡೀ ಜಗತ್ತಿಗೆ ಅಷ್ಟೇ. ರೋಲೆಕ್ಸ್ ತನ್ನ ಪ್ರತಿ ವಾಚೂ ದಿನಕ್ಕೆ ಎರಡು ಸೆಕೆಂಡಿಗಿಂತ ಆಚೀಚೆ ಹೋಗಬಾರದು ಎಂದು ಕಟ್ಟು ಹಾಕಿಕೊಂಡಿದೆ. ಚಿಕ್ಕ ಚಿಕ್ಕ ಬಿಡಿಭಾಗಗಳ ಅಂಚನ್ನು ಕೈಯಿಂದ ಉಜ್ಜಿ ಹೊಳಪು ಕೊಡುವವರನ್ನು ತಯಾರು ಮಾಡಲು ವರ್ಷಗಳೇ ಬೇಕು. ಕೊರತೆ ನಮ್ಮ ತಂತ್ರವಲ್ಲ ಎಂದು ರೋಲೆಕ್ಸ್ 2021ರಲ್ಲಿ ಬಾಯಿಬಿಟ್ಟು ಹೇಳಿತು. ಬರೀ ಮಾತಲ್ಲ. ಸ್ವಿಟ್ಜರ್ಲೆಂಡಿನ ಬ್ಯೂಲ್ ಎಂಬಲ್ಲಿ ನೂರು ಕೋಟಿ ಫ್ರಾಂಕ್ ಸುರಿದು ಹೊಸ ಕಾರ್ಖಾನೆ ಕಟ್ಟುತ್ತಿದೆ. ಅದು 2029ಕ್ಕೆ ಶುರುವಾಗಬೇಕು. ಬೇಕೆಂದೇ ಅಭಾವ ಮಾಡುವವರು ಅಷ್ಟು ಹಣ ಹಾಕುತ್ತಾರಾ?

ಹೆಚ್ಚು ವಾಚು ಮಾಡಲು ಈ ಕಂಪನಿಗಳಿಗೆ ಒಂದು ಭಯವೂ ಇದೆ, ಅದು ಸುಳ್ಳು ಭಯವಲ್ಲ. ಜಪಾನಿನ ಸೀಕೋ ಕಂಪನಿ 1969ರ ಡಿಸೆಂಬರ್ 25ರಂದು ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಜ್ (ಬ್ಯಾಟರಿಯಿಂದ ಓಡುವ) ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಆಮೇಲಿನ ಹದಿನೈದು ವರ್ಷದಲ್ಲಿ ಸ್ವಿಸ್ ವಾಚು ಉದ್ಯಮ ಹೆಚ್ಚುಕಡಿಮೆ ಮಕಾಡೆ ಬಿತ್ತು. 1970ರ ಹೊತ್ತಿಗೆ ಅಲ್ಲಿ ಸುಮಾರು 90 ಸಾವಿರ ಕೆಲಸಗಾರರಿದ್ದರು. 80ರ ದಶಕದ ಮಧ್ಯಕ್ಕೆ ಉಳಿದವರು 30 ಸಾವಿರದ ಆಸುಪಾಸು. ಅಜ್ಜನಿಂದ ಮೊಮ್ಮಗನವರೆಗೆ ಅದೇ ಕೆಲಸ ಮಾಡಿಕೊಂಡಿದ್ದ ಊರುಗಳು ಅವು. ಈ ವರ್ಷ ಕೇಳುವವರು ಹೆಚ್ಚಿದ್ದಾರೆ ಎಂದು ಕಾರ್ಖಾನೆ ಎರಡು ಪಟ್ಟು ಮಾಡಿ, ಐದೇ ವರ್ಷದಲ್ಲಿ ಜನರನ್ನು ಕೆಲಸದಿಂದ ಮನೆಗೆ ಕಳಿಸುವುದಕ್ಕಿಂತ ನಮ್ಮನ್ನು ಕಾಯಿಸಲಿ.

ಜನರ ರುಚಿ ಬದಲಾಗಲು ಎಷ್ಟು ಹೊತ್ತು? ಇವತ್ತು ಎಲ್ಲರೂ ಬಾಯಿ ಬಿಡುವ ರೋಲೆಕ್ಸ್‌ನ ಡೇಟೋನಾ ವಾಚು 1963ರಲ್ಲೇ ಬಂದಿತ್ತು. ಎಪ್ಪತ್ತರ ದಶಕದಲ್ಲೂ ಕೇಳುವವರಿಲ್ಲದೆ ಅಂಗಡಿಯ ಗಾಜಿನ ಹಿಂದೆ ಧೂಳು ತಿನ್ನುತ್ತಿತ್ತು. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ಅಂಥದೇ ಒಂದು ಡೇಟೋನಾ 2017ರಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹರಾಜಾಯಿತು. 2022ರ ವಸಂತದ ಹೊತ್ತಿಗೆ ಹೊಸ ಡೇಟೋನಾ ಹೊರಗೆ ಕಂಪನಿ ಬೆಲೆಯ ಮೂರು ಪಟ್ಟಿಗೆ ಹತ್ತಿರ ಹೋಗಿತ್ತು. ಕೆಲವೇ ತಿಂಗಳಲ್ಲಿ ಜರ್ರನೆ ಇಳಿಯಿತು. ಆತುರಪಟ್ಟು ಪ್ರೀಮಿಯಂ ಕೊಟ್ಟವರು ಕೈ ಸುಟ್ಟುಕೊಂಡರು. ಪಟ್ಟಿಯಲ್ಲಿ ಕಾದು ಕೊಂಡವರಿಗೆ ಏನೂ ಆಗಲಿಲ್ಲ.

ಆ ಪ್ರೀಮಿಯಂ ಹಣವಾದರೂ ಎಲ್ಲಿಗೆ ಹೋಗುತ್ತದೆ? ವಾಚು ಮಾಡಿದ ಕೈಗಳಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ನಡುವೆ ನಿಂತು ಕೊಂಡು ಮಾರಿದವನ ಜೇಬಿಗೆ ಹೋಗುತ್ತದೆ. ಅವನು ಮಾಡಿದ್ದು ಏನು? ನನಗಿಂತ ಮೊದಲು ತೆಗೆದುಕೊಂಡ, ಅಷ್ಟೆ. ಅಂಥವರನ್ನು ತಡೆಯಲು ಕೆಲವು ಡೀಲರ್‌ಗಳು ವಾಚಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಅಲ್ಲೇ ಕಿತ್ತು ಕೊಡುತ್ತಾರೆ. ಕೆಲವರು ವಾರಂಟಿ ಕಾರ್ಡನ್ನು ಒಂದಷ್ಟು ಕಾಲ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಬಹಳ ಜನಕ್ಕೆ ಇದು ಕಿರಿಕಿರಿ. ನನಗೆ ಖುಷಿ. ಕಟ್ಟಿಕೊಳ್ಳುವವನಿಗೆ ಪ್ಲಾಸ್ಟಿಕ್ ಯಾಕೆ?

ಕಾದ ಮೂರು ವರ್ಷದಲ್ಲಿ ಬೇರೆ ಎರಡು ವಾಚುಗಳ ಮೇಲೆ ಮನಸ್ಸಾಗಿತ್ತು. ಎರಡೂ ಆಸೆ ಒಂದೆರಡು ತಿಂಗಳಲ್ಲಿ ತಾವೇ ಇಳಿದವು. ಇದರ ಮೇಲಿನ ಆಸೆ ಇಳಿಯಲಿಲ್ಲ. ಈಗ ದಿನಾ ಬೆಳಿಗ್ಗೆ ಅದನ್ನು ಕಟ್ಟುವಾಗಲೂ ಒಮ್ಮೆ ಕಿವಿಗೆ ಹಿಡಿದು ಕೇಳುತ್ತೇನೆ.

ವಿರೋಧ: ಅದು ಸಾಲೇ ಅಲ್ಲ

ಸಾಲು ಅಂದರೆ ಏನು? ಮೊದಲು ಬಂದವರಿಗೆ ಮೊದಲು. ನನ್ನ ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ನನ್ನ ಕಣ್ಣಿಗೆ ಕಾಣಬೇಕು. ಅಂಥ ಸಾಲಿನಲ್ಲಿ ನಿಲ್ಲಲು ನನಗೆ ಬೇಜಾರಿಲ್ಲ. ವಾಚಿನ ವೇಟಿಂಗ್ ಲಿಸ್ಟ್ ಅಂಥದ್ದಲ್ಲ ಅನ್ನುವುದೇ ನನ್ನ ದೂರು.

ನಾನೂ ಒಂದು ಶೋರೂಮಿನಲ್ಲಿ ಹೆಸರು ಬರೆಸಿದೆ. ನನ್ನ ನಂಬರ್ ಎಷ್ಟು ಎಂದು ಕೇಳಿದೆ. ‘ನಂಬರ್ ಅಂತ ಏನೂ ಇರಲ್ಲ ಸರ್’ ಅಂದರು. ಎಷ್ಟು ದಿನ ಆಗಬಹುದು? ‘ಹೇಳೋಕಾಗಲ್ಲ ಸರ್.’ ವರ್ಷಕ್ಕೆ ಎಷ್ಟು ವಾಚು ಬರುತ್ತವೆ? ‘ನಮಗೂ ಗೊತ್ತಿರಲ್ಲ.’ ಮೂರನೇ ಸಲ ಹೋದಾಗ ಆ ಹುಡುಗ ತುಂಬ ಮರ್ಯಾದೆಯಿಂದಲೇ ಕೇಳಿದ, ‘ನೀವು ನಮ್ಮಲ್ಲಿ ಇನ್ನೂ ಏನೂ ತೆಗೆದುಕೊಂಡಿಲ್ಲ ಅಲ್ವಾ ಸರ್? ಮನೆಯವರಿಗೆ ಒಂದು ಉಂಗುರ ನೋಡಬಹುದಿತ್ತು.’ ಎರಡು ವರ್ಷ ಕಳೆಯಿತು. ಅಷ್ಟರಲ್ಲಿ ನನಗೆ ಪರಿಚಯದ ಒಬ್ಬರು ಅಲ್ಲೇ ಹೆಸರು ಕೊಟ್ಟು ಒಂದೂವರೆ ತಿಂಗಳಲ್ಲಿ ಅದೇ ವಾಚು ಕಟ್ಟಿಕೊಂಡು ಬಂದರು. ಅವರು ಅದಕ್ಕೆ ಮೊದಲು ಅಲ್ಲಿ ಎರಡು ವಾಚು, ಒಂದು ನೆಕ್ಲೆಸ್ ಕೊಂಡಿದ್ದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಇದಕ್ಕೆ ನಮ್ಮ ಭಾಷೆಯಲ್ಲಿ ಮುಖ ನೋಡಿ ಮಣೆ ಹಾಕುವುದು ಅನ್ನುತ್ತಾರೆ, ಸಾಲು ಅನ್ನುವುದಿಲ್ಲ.

ಬೇಡದ ಎರಡು ವಾಚು ಕೊಂಡು, ಆಮೇಲೆ ಅವನ್ನು ಸೆಕೆಂಡ್ ಹ್ಯಾಂಡ್‌ಗೆ ನಷ್ಟದಲ್ಲಿ ಮಾರಿದರೆ ಆ ನಷ್ಟ ಏನು? ಅದೇ ಪ್ರೀಮಿಯಂ. ಹೊರಗಿನ ವ್ಯಾಪಾರಿ ಅದನ್ನು ಬೆಲೆ ಚೀಟಿಯ ಮೇಲೆ ಬರೆದು ತೋರಿಸುತ್ತಾನೆ. ಬೇಕಾದರೆ ಕೊಳ್ಳುತ್ತೇನೆ, ಬೇಡವಾದರೆ ಬಿಡುತ್ತೇನೆ. ಶೋರೂಮಿನಲ್ಲಿ ಅದು ಉಂಗುರದ ಬಿಲ್ಲಿನಲ್ಲಿ ಅಡಗಿ ಕೂತಿರುತ್ತದೆ. ಎಷ್ಟು ಕೊಟ್ಟರೆ ಸಾಕು ಅನ್ನುವುದೂ ಗೊತ್ತಾಗುವುದಿಲ್ಲ. ಕಾಲ ಎಲ್ಲರಿಗೂ ಸಮ ಅನ್ನುವ ಮಾತು ಚೆನ್ನಾಗಿದೆ. ಆ ಪಟ್ಟಿ ಬರೀ ಕಾಲವನ್ನು ನೋಡುವುದಿದ್ದರೆ ನಾನೂ ಒಪ್ಪುತ್ತಿದ್ದೆ.

ಇಷ್ಟಪಟ್ಟು ಕಟ್ಟಿಕೊಳ್ಳುವವರಿಗೇ ವಾಚು ತಲುಪಲಿ ಎಂದು ಪಟ್ಟಿ ಮಾಡಿದ್ದಾರೆ ಅನ್ನುತ್ತಾರೆ. ತಲುಪಿದೆಯಾ? ಪಾಟೆಕ್ ಫಿಲಿಪ್‌ನ ನಾಟಿಲಸ್ 5711 ವಾಚನ್ನು ತೆಗೆದುಕೊಳ್ಳಿ. 2006ರಲ್ಲಿ ಬಂತು, 2021ರಲ್ಲಿ ನಿಲ್ಲಿಸಿದರು. ಅದೇ ವರ್ಷ ಅದರಲ್ಲೇ ಹಸಿರು ಡಯಲ್‌ನ ಒಂದು ಸ್ಟೀಲ್ ವಾಚು ತಂದರು. ಬೆಲೆ ಸುಮಾರು 35 ಸಾವಿರ ಡಾಲರ್. ಅದಕ್ಕಾಗಿ ಹಂಬಲಿಸಿದವರಿಗೆ ಲೆಕ್ಕವಿಲ್ಲ. ಅದು ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 2021ರ ಜುಲೈನಲ್ಲಿ, ಮೊನಾಕೊದ ಒಂದು ಹರಾಜಿನಲ್ಲಿ ಅಂಥದೊಂದು 4 ಲಕ್ಷ 16 ಸಾವಿರ ಯೂರೋಗೆ ಹೋಯಿತು. ಕಾರ್ಖಾನೆಯ ಸೀಲ್ ಕೂಡ ಒಡೆದಿರಲಿಲ್ಲ. ಒಂದು ದಿನವೂ ಯಾರ ಕೈಯಲ್ಲೂ ಓಡದ ವಾಚು ಅದು! ಹಿಂದಿನ ಬಾಗಿಲಿಂದ ಬಂದ ಸರಕಲ್ಲ. ಯಾವುದೋ ಶೋರೂಮು ಆಯ್ಕೆ ಮಾಡಿದ ಗಿರಾಕಿಯ ಕೈಯಿಂದಲೇ ಅದು ಹೊರಗೆ ಬಂದಿರಬೇಕು. ನಂಬರ್ ಹಾಕಿ ಸಾಲಿನಲ್ಲಿ ಕೊಟ್ಟಿದ್ದರೆ ಇದಕ್ಕಿಂತ ಕೆಟ್ಟದ್ದೇನೂ ಆಗುತ್ತಿರಲಿಲ್ಲ.

ಮಾಡುವ ಕೈ ಕಡಿಮೆ ಅನ್ನುವ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಫಿಲಿಪ್ ದುಫೂರ್ ಎಂಬ ಗಡಿಯಾರದ ಕುಶಲಕರ್ಮಿ 2000ದಲ್ಲಿ ‘ಸಿಂಪ್ಲಿಸಿಟಿ’ ಎಂಬ ವಾಚು ತಂದರು. ವರ್ಷಗಟ್ಟಲೆ ದುಡಿದು ಮಾಡಿದ್ದು ಹೆಚ್ಚುಕಡಿಮೆ 200. ಅವರು ಕಾಯಿರಿ ಅಂದರೆ ನಾನು ಕೈಕಟ್ಟಿ ಕಾಯುತ್ತೇನೆ. ಹತ್ತು ಲಕ್ಷ ವಾಚು ಮಾಡುವ ಕಾರ್ಖಾನೆ ಅದೇ ಮಾತು ಹೇಳಿದರೆ ಹೇಗೆ ಒಪ್ಪುವುದು? ಯಾವ ಮಾದರಿಯನ್ನು ಎಷ್ಟು ಮಾಡಬೇಕು ಅನ್ನುವುದು ಅವರ ತೀರ್ಮಾನ. ಪಾಟೆಕ್‌ನ ಮುಖ್ಯಸ್ಥ ಥಿಯೆರಿ ಸ್ಟರ್ನ್ 5711 ನಿಲ್ಲಿಸಿದಾಗ ಕೊಟ್ಟ ಕಾರಣ ಕೈ ಸಾಲದು ಅನ್ನುವುದಲ್ಲ. ಒಂದೇ ವಾಚು ಇಡೀ ಕಂಪನಿಯ ತಲೆಯ ಮೇಲೆ ಕೂರಬಾರದು ಅನ್ನುವುದು. ಇದು ನೇರವಾದ ಮಾತು, ಇದಕ್ಕೆ ನನ್ನ ಗೌರವವಿದೆ. ಆಯ್ಕೆಯನ್ನು ಆಯ್ಕೆ ಅಂತಲೇ ಹೇಳಿದರೆ ಸಾಕು.

ಪ್ರೀಮಿಯಂ ನಡುವಿನವರ ಪಾಲಾಗುತ್ತದೆ ಅನ್ನುವುದೂ ಈಗ ಪೂರ್ತಿ ನಿಜವಲ್ಲ. 2022ರ ಡಿಸೆಂಬರಿನಿಂದ ರೋಲೆಕ್ಸ್ ತನ್ನದೇ ಮುದ್ರೆ ಒತ್ತಿದ ಹಳೆಯ ವಾಚುಗಳನ್ನು ಡೀಲರ್‌ಗಳ ಮೂಲಕ ಮಾರಿಸುತ್ತಿದೆ. ಅವಕ್ಕೆ ಕಂಪನಿಯ ಪಟ್ಟಿ ಬೆಲೆ ಇಲ್ಲ, ಮಾರುಕಟ್ಟೆಯಲ್ಲಿ ನಡೆಯುವ ಬೆಲೆ. ಮರುವರ್ಷ ಬುಕರರ್ ಎಂಬ ದೊಡ್ಡ ಮಾರಾಟ ಸಂಸ್ಥೆಯನ್ನೇ ಅದು ಕೊಂಡುಕೊಂಡಿತು. ಈಗ ಒಂದೇ ಅಂಗಡಿಯಲ್ಲಿ ಹೀಗಾಗಬಹುದು. ಹೊಸ ವಾಚು ಕಡಿಮೆ ಬೆಲೆಗೆ, ಆದರೆ ಸಿಗುವುದಿಲ್ಲ. ಯಾರೋ ಕಟ್ಟಿ ಬಿಟ್ಟ ಅದೇ ವಾಚು ಜಾಸ್ತಿ ಬೆಲೆಗೆ, ಬೇಕಾದರೆ ಈಗಲೇ. ಗಾಜಿನೊಳಗೆ ಕಣ್ಣಿಗೆ ಕಾಣುವ ಹೊಸದು ‘ನೋಡಲು ಮಾತ್ರ’. ಕೈಚಾಚುವಷ್ಟು ಹತ್ತಿರ ಇಟ್ಟು ಕೊಡುವುದಿಲ್ಲ ಅನ್ನುವುದು ಮನಸ್ಸಿಗೆ ತುಂಬ ಕಹಿಯಾಗುತ್ತದೆ.

ಮನೆಯಲ್ಲೇ ಕೂತು ಇಂಟರ್ನೆಟ್‌ನಲ್ಲಿ ಹೆಸರು ಹಾಕಿ, ನಂಬರ್ ಬಂದಾಗ ದುಡ್ಡು ಕಟ್ಟಿ ತರಿಸಿಕೊಳ್ಳುವಂತಿದ್ದರೆ ಮುಖ ನೋಡುವ ಪ್ರಶ್ನೆಯೇ ಇರುವುದಿಲ್ಲ. ಅದಕ್ಕೂ ಅಡ್ಡಿ ಇತ್ತು. ಡೀಲರ್‌ಗಳು ಆನ್‌ಲೈನಿನಲ್ಲಿ ಮಾರಬಾರದು ಎಂದು ತಡೆದಿದ್ದಕ್ಕೆ ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2023ರ ಡಿಸೆಂಬರಿನಲ್ಲಿ ರೋಲೆಕ್ಸ್‌ಗೆ 9 ಕೋಟಿ 16 ಲಕ್ಷ ಯೂರೋ ದಂಡ ಹಾಕಿತು.

ಹೀಗಂತ ನಾನು ಬೆಲೆಯನ್ನು ಮೂರು ಪಟ್ಟು ಮಾಡಿ ಅನ್ನುವುದಿಲ್ಲ. ಆ ಬೆಲೆಗೆ ನನಗೂ ಆಗುವುದಿಲ್ಲ. ಆದರೆ ಒಳಗಿನ ಬೆಲೆಗೂ ಹೊರಗಿನ ಬೆಲೆಗೂ ಅಷ್ಟು ಅಂತರ ಇಟ್ಟು, ಯಾರಿಗೆ ಕೊಡಬೇಕು ಅನ್ನುವುದನ್ನು ಕೌಂಟರಿನ ಹಿಂದೆ ನಿಂತ ಒಬ್ಬರ ಕೈಗೆ ಬಿಟ್ಟರೆ ಆ ಕೌಂಟರಿನಲ್ಲಿ ಏನೆಲ್ಲ ನಡೆಯಬಹುದು ಯೋಚಿಸಿ. ಆ ಹುಡುಗನಿಗೂ ಇದು ಒಳ್ಳೆಯದಲ್ಲ. ದಿನಕ್ಕೆ ಹತ್ತು ಜನಕ್ಕೆ ಇಲ್ಲ ಅನ್ನಬೇಕು, ಯಾಕೆ ಅನ್ನುವುದನ್ನು ಹೇಳುವ ಹಾಗಿಲ್ಲ. ಮೂರನೇ ಸಲ ನನ್ನ ಜೊತೆ ಮಾತಾಡುವಾಗ ಅವನ ಮುಖ ಬಾಡಿತ್ತು.

ನಾನು ಕೇಳುವುದು ಒಂದು ಸಣ್ಣ ಚೀಟಿ. ಅದರಲ್ಲಿ ನಾನು ಹೆಸರು ಬರೆಸಿದ ತಾರೀಕು ಇರಲಿ. ಯಾವ ಮಾದರಿ ಅಂತ ಇರಲಿ. ನನ್ನ ಮುಂದೆ ಎಷ್ಟು ಜನ, ಹೋದ ವರ್ಷ ಈ ಅಂಗಡಿಗೆ ಅಂಥವು ಎಷ್ಟು ಬಂದವು ಅಂತ ಇರಲಿ. ಮುಂಗಡ ಬೇಕಾದರೆ ಕೊಡುತ್ತೇನೆ. ವಾಚು ಸಿಕ್ಕ ಮೇಲೆ ಐದು ವರ್ಷ ಮಾರುವುದಿಲ್ಲ ಎಂದು ಸಹಿಯನ್ನೂ ಹಾಕುತ್ತೇನೆ. ಮುಂದೆ ಅರವತ್ತು ಜನ ಇದ್ದಾರೆ, ವರ್ಷಕ್ಕೆ ಆರು ಬರುತ್ತವೆ ಎಂದು ಬರೆದಿದ್ದರೆ ಹತ್ತು ವರ್ಷ ಎಂದು ನಾನೇ ಲೆಕ್ಕ ಹಾಕಿಕೊಳ್ಳುತ್ತೇನೆ. ಕಾಯುವುದೋ ಬಿಡುವುದೋ ಆಗ ನನ್ನ ಕೈಯಲ್ಲಿ ಇರುತ್ತದೆ. ಬಹುಶಃ ಕಾಯುತ್ತೇನೆ.