ಭಾವನ ಮುಂದೆ ಬ್ಲಫ್

ನೋ-ಲಿಮಿಟ್ ಹೋಲ್ಡೆಮ್ ಎಂಬ ಪೋಕರ್ ಆಟದಲ್ಲಿ, ಸರದಿ ಬಂದವನು ತನ್ನ ಮುಂದಿರುವ ಬಿಲ್ಲೆಗಳನ್ನೆಲ್ಲ ಯಾವಾಗ ಬೇಕಾದರೂ ನಡುವಿಗೆ ತಳ್ಳಬಹುದಾದ್ದರಿಂದ, ಎಷ್ಟು ಪಣ ಒಡ್ಡಬೇಕು ಎಂಬುದೇ ಒಂದು ಶಾಸ್ತ್ರವಾಗಿ ಬೆಳೆದಿದೆ. ಆ ಶಾಸ್ತ್ರವನ್ನು ನಾನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದೇನೆ. ಆದರೆ ನನ್ನ ಎದುರು ಕೂರುವವರು ನನ್ನ ಭಾವ. ಅವರಿಗೆ ಶಾಸ್ತ್ರದ ಗಾಳಿಯೂ ಸೋಕಿಲ್ಲ.

ಒಂದು ಆಟವನ್ನು ವಿವರವಾಗಿಯೇ ಹೇಳುತ್ತೇನೆ. ನನ್ನ ಕೈಯಲ್ಲಿ ಇಸ್ಪೇಟಿನ ಎಕ್ಕ ಮತ್ತು ರಾಜ. ಇನ್ನು ಎಲ್ಲರಿಗೂ ಸೇರಿದ ಐದು ಎಲೆಗಳು ನಡುವೆ ತೆರೆದುಕೊಳ್ಳುತ್ತವೆ; ಮೊದಲ ಮೂರಕ್ಕೆ ಫ್ಲಾಪ್, ನಾಲ್ಕನೆಯದಕ್ಕೆ ಟರ್ನ್, ಐದನೆಯದಕ್ಕೆ ರಿವರ್ ಎಂದು ಹೆಸರು. ಫ್ಲಾಪ್‌ನಲ್ಲಿ ಇಸ್ಪೇಟಿನ ರಾಣಿ, ಇಸ್ಪೇಟಿನ ಏಳು ಮತ್ತು ಆಟೀನಿನ ದುಗ್ಗಿ ಬಿದ್ದವು. ಇನ್ನೊಂದು ಇಸ್ಪೇಟು ಬಂದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ. ಉಳಿದಿರುವ ಇಸ್ಪೇಟು ಒಂಬತ್ತು, ಬರಬೇಕಾದ ಎಲೆ ಎರಡು, ಅಂದರೆ ಸಾಧ್ಯತೆ ಸುಮಾರು ಶೇಕಡಾ 35. ಪಾಟ್‌ನಲ್ಲಿ, ಅಂದರೆ ನಡುವಿನ ಪಣದ ರಾಶಿಯಲ್ಲಿ, ಇದ್ದ 100 ಬಿಲ್ಲೆಗಳಿಗೆ ಎದುರಾಗಿ ನಾನು 50 ಒಡ್ಡಿದೆ. ಇಂಥ ಪಣಕ್ಕೆ ಎದುರಾಳಿ ಮೂರರಲ್ಲಿ ಒಂದು ಸಲ ಎಲೆ ಮಡಚಿ ಆಟ ಬಿಟ್ಟುಕೊಟ್ಟರೂ, ಕೈಯಲ್ಲಿ ಏನೂ ಇಲ್ಲದವನಿಗೂ ನಷ್ಟವಾಗುವುದಿಲ್ಲ. ಭಾವ ಮಡಚಲಿಲ್ಲ. ಟರ್ನ್‌ನಲ್ಲಿ ಕಳಾವರ್ ಆರು ಬಂದಿತು. ಪಾಟ್ 200 ಆಗಿತ್ತು, ನಾನೂ 200 ಒಡ್ಡಿದೆ. ಅವರು ಚಹಾ ಹೀರುತ್ತಲೇ 200 ಎಣಿಸಿ ಇಟ್ಟರು. ರಿವರ್‌ನಲ್ಲಿ ಬಂದದ್ದು ಡೈಮನ್ ಒಂಬತ್ತು. ನನ್ನ ಕೈಗೆ ಒಂದು ಜೋಡಿಯೂ ದಕ್ಕಿರಲಿಲ್ಲ.

ಆದರೆ ಮೊದಲಿನಿಂದಲೂ ನಾನು ಪಣಗಳ ಮೂಲಕ ಹೇಳಿಕೊಂಡು ಬಂದ ಕಥೆ ಒಂದೇ ಆಗಿತ್ತು: ಇವನ ಬಳಿ ರಾಣಿಯ ಜೋಡಿಗಿಂತ ದೊಡ್ಡದೇನೋ ಇದೆ. ಆ ಕಥೆಗೆ ತಕ್ಕ ಕೊನೆಯೆಂದರೆ ಆಲ್-ಇನ್. ಪಾಟ್‌ನಲ್ಲಿ 600, ನನ್ನ ಬಳಿ ಉಳಿದದ್ದೂ 600. ಎಲ್ಲವನ್ನೂ ತಳ್ಳಿದೆ. ಈ ಪಣವನ್ನು ಕಾಲ್ ಮಾಡಬೇಕಾದರೆ, ಅಂದರೆ ಅಷ್ಟೇ ಬಿಲ್ಲೆ ಇಟ್ಟು ಆಟದಲ್ಲಿ ಉಳಿಯಬೇಕಾದರೆ, ಮೂರರಲ್ಲಿ ಒಂದು ಸಲವಾದರೂ ತಾನು ಗೆಲ್ಲುವೆನೆಂಬ ಭರವಸೆ ಎದುರಾಳಿಗೆ ಇರಬೇಕು. ಭಾವ ಕಾಲ್ ಮಾಡಿ, ಡೈಮನ್ ದುಗ್ಗಿ ಮತ್ತು ಕಳಾವರ್ ನಾಲ್ಕನ್ನು ಬಿಡಿಸಿಟ್ಟರು. ದುಗ್ಗಿಯ ಜೋಡಿ! ಯಾವ ಲೆಕ್ಕದ ಮೇಲೆ ಕಾಲ್ ಮಾಡಿದಿರಿ ಎಂದು ವಿನಯದಿಂದಲೇ ಕೇಳಿದೆ. “ಲೆಕ್ಕ ಏನು ಬಂತು? ಇಷ್ಟು ದೂರ ಬಂದಾಯಿತಲ್ಲ, ನಿನ್ನ ಹತ್ತಿರ ಏನಿದೆ ಅಂತ ನೋಡಿಬಿಡೋಣ ಅನ್ನಿಸಿತು” ಎಂದರು.

ಕಥೆ ಕೇಳದವನಿಗೆ ಕಥೆ ಹೇಳಬಾರದು, ಅಂಥವನೆದುರು ಒಳ್ಳೆಯ ಎಲೆ ಬಂದಾಗ ಮಾತ್ರ ದೊಡ್ಡ ಪಣ ಒಡ್ಡಬೇಕು ಎಂಬುದಕ್ಕೂ ಶಾಸ್ತ್ರದಲ್ಲಿ ಆಧಾರವಿದೆ. ಹಾಗೆಯೇ ಕಾದೆ. ಕೈಗೆ ಎಕ್ಕದ ಜೋಡಿ ಬರುವುದು ಸರಾಸರಿ 221 ಆಟಗಳಿಗೊಮ್ಮೆ; ಅದೂ ಬಂದಿತು. ಮುಖವನ್ನು ಗೋಡೆಯಂತೆ ಇಟ್ಟುಕೊಂಡು ಭಾರಿ ಪಣ ಒಡ್ಡಿದೆ. ಭಾವ ತಕ್ಷಣ ಎಲೆ ಮಡಚಿ, ಬಿಸ್ಕತ್ತು ತರಲು ಒಳಗೆ ಹೋದರು.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಅವರ ಇನ್ನೊಂದು ಅಭ್ಯಾಸ. ಹಿಂದಿನ ಸುತ್ತಿನಲ್ಲಿ ಪಣ ಏರಿಸಿದವನು ನಾನು. ಅದನ್ನು ಸುಮ್ಮನೆ ಕಾಲ್ ಮಾಡಿದವರು ಅವರು. ಮುಂದಿನ ಸುತ್ತಿನಲ್ಲಿ ಮೊದಲ ಸರದಿ ಅವರದ್ದೇ ಆದರೂ, ಮರ್ಯಾದೆಯಾಗಿ ಚೆಕ್ ಮಾಡಿ, ಅಂದರೆ ಪಣ ಒಡ್ಡದೆ ಸರದಿ ದಾಟಿಸಿ, ನನಗೆ ದಾರಿ ಬಿಡುವುದು ವಾಡಿಕೆ. ಅವರು ಮಾತ್ರ ತಾವೇ ಮುಂದಾಗಿ ಪಣ ಒಡ್ಡುತ್ತಾರೆ. ಪೋಕರ್ ಬಲ್ಲವರು ಇದನ್ನು ‘ಡಾಂಕ್ ಬೆಟ್’, ಅಂದರೆ ಕತ್ತೆಯ ಪಣ ಎಂದು ಹೀಗಳೆಯುತ್ತಾರೆ. ಹೀಗೆಂದು ಅವರಿಗೆ ತಿಳಿಯಹೇಳುವ ಉತ್ಸಾಹದಲ್ಲಿ, 2019ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಮತ್ತು ಫೇಸ್‌ಬುಕ್‌ನ ಸಂಶೋಧಕರು ರೂಪಿಸಿದ ಪ್ಲೂರಿಬಸ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಆರು ಜನರ ನೋ-ಲಿಮಿಟ್ ಆಟದಲ್ಲಿ ವೃತ್ತಿಪರರನ್ನೇ ಸೋಲಿಸಿತೆಂದೂ, ಅದು ಈ ಪಣವನ್ನು ವೃತ್ತಿಪರರಿಗಿಂತ ಹೆಚ್ಚಾಗಿ ಬಳಸಿತೆಂದೂ ಪೂರ್ತಿ ವಿಷಯವನ್ನು ಹೇಳಿಬಿಟ್ಟೆ. ಈಗ ಭಾವ ಪ್ರತಿ ಸುತ್ತಿನಲ್ಲೂ ತಾವೇ ಮೊದಲು ಪಣ ಒಡ್ಡಿ, “ಕಂಪ್ಯೂಟರೂ ಹೀಗೇ ಆಡುತ್ತದಂತೆ” ಎಂದು ಪಕ್ಕದವರಿಗೆ ಕಲಿಸುತ್ತಿದ್ದಾರೆ.